ಪಿಟಿಎಚ್ (1-34): ಸೀಸೆ ತೆರೆಯುವುದರಿಂದ ಕೋಶಕ್ಕೆ ಹಾಕುವವರೆಗೆ

ಸೀಸೆಯ ತಳದಲ್ಲಿ ತೆಳ್ಳಗೆ ಸುಣ್ಣ ಸವರಿದಂತೆ ಒಂದು ಬಿಳಿ ಪೊರೆ. ಕೆಲವೊಮ್ಮೆ ಅದೂ ಕಣ್ಣಿಗೆ ಬೀಳುವುದಿಲ್ಲ. ಖಾಲಿ ಸೀಸೆ ಕಳುಹಿಸಿದ್ದೀರಿ ಎಂದು ಮಾರಾಟಗಾರರಿಗೆ ಸಿಟ್ಟಿನಿಂದ ಬರೆದವರಿದ್ದಾರೆ. ಮೊದಲ ವರ್ಷ ನಾನೂ ಬರೆದಿದ್ದೆ. ಒಂದು ಮಿಲಿಗ್ರಾಂ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ಎಂದರೆ ಕಾಣುವುದು ಅಷ್ಟೇ. ಆದರೆ ಆ ಒಂದು ಮಿಲಿಗ್ರಾಂ ಪುಡಿಯನ್ನು ಒಂದು ನ್ಯಾನೋಮೋಲಾರ್ ಸಾರತೆಗೆ ಇಳಿಸುತ್ತ ಹೋದರೆ ಸುಮಾರು ಇನ್ನೂರು ಲೀಟರ್ ದ್ರಾವಣವಾಗುತ್ತದೆ. ಅಷ್ಟು ತೆಳುವಾದ ಮೇಲೂ ಮೂಳೆಯ ಕೋಶಗಳು ಅದನ್ನು ಗುರುತಿಸಿ ಓಗೊಡುತ್ತವೆ.

ಇಷ್ಟು ಧಾರಾಳವಾಗಿ ಹಾರ್ಮೋನು ಇದ್ದರೂ ಪ್ರಯೋಗ ಕೈಕೊಡುವುದು ಏಕೆ? ನಾನು ಕಂಡಂತೆ, ಬಹುಪಾಲು ಸಲ ಹಾರ್ಮೋನು ಕೋಶವನ್ನು ಮುಟ್ಟುವ ಮೊದಲೇ ಕಳೆದುಹೋಗಿರುತ್ತದೆ. ತೇವದಲ್ಲಿ ಒಂದಿಷ್ಟು, ಗಾಜಿನ ಗೋಡೆಗೆ ಅಂಟಿ ಒಂದಿಷ್ಟು, ತಪ್ಪು ಲೆಕ್ಕದಲ್ಲಿ ಇನ್ನಷ್ಟು. ಆಮೇಲೆ ನಾವು ಕೋಶಗಳನ್ನು ಬೈಯುತ್ತೇವೆ. ಈ ಬರಹ ಮುಖ್ಯವಾಗಿ ಆ ದಾರಿಯ ಕುರಿತು: ಪ್ಯಾರಾಥೈರಾಯ್ಡ್ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳ ಕೃತಕ ತುಣುಕನ್ನು, ಅಂದರೆ ಪಿಟಿಎಚ್ (1-34) ಅನ್ನು, ಸೀಸೆಯಿಂದ ಕೋಶದವರೆಗೆ ಹಾಳಾಗದಂತೆ ಒಯ್ಯುವುದು ಹೇಗೆ.

ಒಂದು ಮಾತು ಮೊದಲೇ. ಸಂಶೋಧನೆಗೆಂದು ಮಾರುವ ಪೆಪ್ಟೈಡನ್ನು ಮನುಷ್ಯರ ಮೈಗೆ ಚುಚ್ಚುವಂತಿಲ್ಲ. ಇದೇ ಅಣು ಟೆರಿಪಾರಟೈಡ್ ಎಂಬ ಹೆಸರಿನಲ್ಲಿ ಮೂಳೆಸವೆತದ ಔಷಧವಾಗಿ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿರುವುದು ನಿಜ. ಆದರೆ ಔಷಧಕ್ಕೆ ಬೇಕಾದ ಕ್ರಿಮಿಶುದ್ಧಿ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ, ಅಳತೆಯ ಖಾತರಿ ಇವು ಯಾವುವೂ ಪ್ರಯೋಗಾಲಯದ ಸೀಸೆಗೆ ಇರುವುದಿಲ್ಲ. ಪ್ರಾಣಿಗಳ ಮೇಲೆ ಬಳಸುವುದಿದ್ದರೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಗೆ ಬಂದ ಮೇಲೆಯೇ ಸೀಸೆಯ ಮುಚ್ಚಳಕ್ಕೆ ಕೈಹಾಕಿ.

ಕೈಯಲ್ಲಿರುವುದು ಏನು

ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಗ್ರಂಥಿಗಳನ್ನು ಮನುಷ್ಯರಲ್ಲಿ ಮೊದಲು ವಿವರಿಸಿದ್ದು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಈ ಗ್ರಂಥಿಗಳನ್ನು ತೆಗೆದರೆ ರಕ್ತದ ಕ್ಯಾಲ್ಸಿಯಂ ಕುಸಿದು ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಕ್ಯಾಲ್ಸಿಯಂ ಕೊಟ್ಟರೆ ಸಡಿಲಗೊಳ್ಳುತ್ತವೆ ಎಂದು 1909ರಲ್ಲಿ ಮೆಕಲಮ್ ಮತ್ತು ಫೋಗ್ಟ್‌ಲಿನ್ ತೋರಿಸಿದರು. 1925ರಲ್ಲಿ ಜೇಮ್ಸ್ ಕಾಲಿಪ್ ಗ್ರಂಥಿಗಳಿಂದ ಕೆಲಸ ಮಾಡುವ ಸಾರವನ್ನು ತೆಗೆದರು. ಆ ಕಾಲದವರು ಕಸಾಯಿಖಾನೆಯಿಂದ ಗ್ರಂಥಿಗಳನ್ನು ತಂದು ಅರೆದು ಸೋಸಬೇಕಿತ್ತು. ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ಘನಾಧಾರದ ಮೇಲಿನ ಪೆಪ್ಟೈಡ್ ತಯಾರಿಕೆಯ ವಿಧಾನ ಆ ಗೋಳನ್ನು ತಪ್ಪಿಸಿತು. ದನದ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳನ್ನು 1971ರಲ್ಲಿ ಕೃತಕವಾಗಿ ಕಟ್ಟಿದಾಗ, ಪೂರ್ಣ ಹಾರ್ಮೋನಿನ 84ರಲ್ಲಿ ಉಳಿದ 50 ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದು ಖಚಿತವಾಯಿತು.

ಕೆಲಸ ಎಂದರೆ ಇಷ್ಟು. ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಸುಮಾರು 1.1ರಿಂದ 1.3 ಮಿಲಿಮೋಲಾರ್ ನಡುವೆಯೇ ಇರಬೇಕು. ಕೊಂಚ ಇಳಿದರೂ ಗ್ರಂಥಿಯ ಕೋಶಗಳು ಅದನ್ನು ಅರಿತು ಪಿಟಿಎಚ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಉಳಿಸಿ ಫಾಸ್ಫೇಟನ್ನು ಹೊರಹಾಕುತ್ತದೆ. ಡಿ ವಿಟಮಿನ್ನನ್ನು ಚುರುಕಾದ ರೂಪಕ್ಕೆ ತಿರುಗಿಸಿ ಕರುಳಿನ ಹೀರಿಕೆಯನ್ನೂ ಹೆಚ್ಚಿಸುತ್ತದೆ. ರಕ್ತದಲ್ಲಿ ಅದರ ಆಯುಸ್ಸು ಮಾತ್ರ ಕೆಲವೇ ನಿಮಿಷ. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತರಿಸುವಾಗ ಕೇಳಬೇಕಾದ್ದು

ಪಟ್ಟಿಯಲ್ಲಿ 'ಪಿಟಿಎಚ್ 1-34' ಎಂದು ಕಂಡ ಕೂಡಲೇ ಗುಂಡಿ ಒತ್ತಬೇಡಿ. ಮನುಷ್ಯರದು, ದನದ್ದು, ಇಲಿಯದು ಬೇರೆ ಬೇರೆ. ಮನುಷ್ಯರ ತುಣುಕು ಸೆರೀನಿನಿಂದ ಶುರುವಾದರೆ, ದನ ಮತ್ತು ಇಲಿಯ ತುಣುಕುಗಳು ಅಲನೀನಿನಿಂದ ಶುರುವಾಗುತ್ತವೆ, ನಡುವೆಯೂ ವ್ಯತ್ಯಾಸಗಳಿವೆ. ಬಾಲದ ತುದಿ ಆಮ್ಲವಾಗಿದೆಯೇ ಅಮೈಡ್ ಆಗಿದೆಯೇ ಎಂಬುದನ್ನೂ ನೋಡಿ. ಹಳೆಯ ಪ್ರಯೋಗವೊಂದನ್ನು ಮರುಮಾಡುತ್ತಿದ್ದರೆ ಅದರಲ್ಲಿ ಬಳಸಿದ್ದನ್ನೇ ತರಿಸಬೇಕು.

ಜೊತೆಗೇ ಒಂದು ಸಣ್ಣ ಸೀಸೆ ಪಿಟಿಎಚ್ (7-34) ತರಿಸಿಕೊಳ್ಳುವುದು ಜಾಣತನ. ಕೋಶದ ಮೇಲೆ ಹಾರ್ಮೋನನ್ನು ಹಿಡಿಯುವ ಬೀಗದಂಥ ರಿಸೆಪ್ಟರನ್ನು ಎಬ್ಬಿಸುವ ಕೀಲಿಯ ಹಲ್ಲುಗಳಿರುವುದು ಹಾರ್ಮೋನಿನ ಮುಂದಲೆಯಲ್ಲಿ. ಮೊದಲ ಆರು ಅಮೈನೋ ಆಮ್ಲ ಕಿತ್ತರೆ ಅದು ಬೀಗದೊಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ನಿಮಗೆ ಕಂಡ ಪರಿಣಾಮ ನಿಜವಾಗಿಯೂ ಆ ರಿಸೆಪ್ಟರಿನ ಮೂಲಕವೇ ಬಂದದ್ದು ಎಂದು ತೋರಿಸಲು ಇದು ಬೇಕು.

ಇನ್ನು ಲವಣ. ಕೃತಕ ಪೆಪ್ಟೈಡನ್ನು ಶುದ್ಧೀಕರಿಸುವಾಗ ಟ್ರೈಫ್ಲೋರೋಅಸಿಟಿಕ್ ಆಮ್ಲ, ಅಂದರೆ ಟಿಎಫ್‌ಎ, ಬಳಸುತ್ತಾರೆ. ಅದು ಪೆಪ್ಟೈಡಿಗೆ ಅಂಟಿಕೊಂಡೇ ಸೀಸೆಗೆ ಬರುತ್ತದೆ. ಬೇರೆ ಕ್ಷೇತ್ರದವರು ಇದನ್ನು ಕಡೆಗಣಿಸಬಹುದೇನೋ. ಮೂಳೆಯ ಕೆಲಸ ಮಾಡುವವರು ಕಡೆಗಣಿಸುವಂತಿಲ್ಲ: ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳ ಮತ್ತು ಮೃದ್ವಸ್ಥಿ ಕೋಶಗಳ ಬೆಳವಣಿಗೆಯನ್ನು ಟಿಎಫ್‌ಎ ತಾನಾಗಿಯೇ ತಡೆಯುತ್ತದೆ ಎಂದು 1999ರಲ್ಲೇ ಪ್ರಕಟವಾಗಿದೆ. ಹತ್ತು ನಿಮಿಷದ ಸಂಕೇತ ಅಳೆಯುವುದಾದರೆ ಟಿಎಫ್‌ಎ ಲವಣ ನಡೆದೀತು. ದಿನಗಟ್ಟಲೆ ಕೋಶ ಬೆಳೆಸಿ ಎಣಿಸುವುದಾದರೆ ಅಸಿಟೇಟ್ ಲವಣವನ್ನೇ ಕೇಳಿ. ಬೆಲೆ ಕೊಂಚ ಹೆಚ್ಚಾದರೂ ಅನುಮಾನ ಕಡಿಮೆ.

ಎರಡು ಶೇಕಡಾವಾರು, ಒಂದೇ ಗೊಂದಲ

ಸೀಸೆಯ ಜೊತೆ ಬರುವ ಪ್ರಮಾಣಪತ್ರದಲ್ಲಿ 'ಶುದ್ಧತೆ 97' ಎಂಬಂಥ ಅಂಕಿ ಇರುತ್ತದೆ. ಅದನ್ನು ಓದಿದ ಹೊಸಬರು ಒಂದು ಮಿಲಿಗ್ರಾಂ ಪುಡಿಯಲ್ಲಿ 0.97 ಮಿಲಿಗ್ರಾಂ ಹಾರ್ಮೋನು ಇದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಅಲ್ಲಿರುವ ಪೆಪ್ಟೈಡುಗಳ ಪೈಕಿ ಬೇಕಾದ ಪೆಪ್ಟೈಡಿನ ಪಾಲು ಎಷ್ಟು ಎಂಬುದಷ್ಟೇ ಆ ಅಂಕಿ. ಪುಡಿಯ ತೂಕದಲ್ಲಿ ನೀರು, ಲವಣ ಇವೂ ಸೇರಿವೆ. ಅವನ್ನು ಕಳೆದು ಉಳಿಯುವುದೇ ನಿವ್ವಳ ಪೆಪ್ಟೈಡ್ ಅಂಶ. ಅದು ಸಾಮಾನ್ಯವಾಗಿ ಶೇ. 60ರಿಂದ 85ರ ನಡುವೆ ಎಲ್ಲಾದರೂ ಇರುತ್ತದೆ. ಪ್ರಮಾಣಪತ್ರದಲ್ಲಿ ಈ ಅಂಕಿ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಲೆಕ್ಕ ಹಾಕಿ ನೋಡೋಣ. ಮನುಷ್ಯರ ಪಿಟಿಎಚ್ (1-34)ರ ಅಣುತೂಕ ಸುಮಾರು 4118. ಪುಡಿಯೆಲ್ಲ ಹಾರ್ಮೋನೇ ಎಂದುಕೊಂಡರೆ ಒಂದು ಮಿಲಿಗ್ರಾಂ ಎಂದರೆ 243 ನ್ಯಾನೋಮೋಲ್. ನಿವ್ವಳ ಅಂಶ ಶೇ. 80 ಆಗಿದ್ದರೆ ನಿಜಕ್ಕೂ ಇರುವುದು 194. ನೀವು 243 ಎಂದುಕೊಂಡು 2.43 ಮಿಲಿಲೀಟರ್ ಹಾಕಿ '100 ಮೈಕ್ರೋಮೋಲಾರ್' ಎಂದು ಚೀಟಿ ಅಂಟಿಸಿದರೆ ಒಳಗಿರುವುದು 80. ಇದೊಂದೇ ಆದರೆ ಅಂಥ ಅನಾಹುತವೇನಲ್ಲ. ಮುಂದಿನ ಸೀಸೆಯಲ್ಲಿ ನಿವ್ವಳ ಅಂಶ 65 ಇದ್ದರೆ? ಎರಡು ತಿಂಗಳ ಅಂತರದಲ್ಲಿ ಮಾಡಿದ ಒಂದೇ ಪ್ರಯೋಗ ಎರಡು ಉತ್ತರ ಕೊಡುತ್ತದೆ.

ತೆರೆಯುವ ದಿನ

ಒಣಪುಡಿಯನ್ನು ಮೈನಸ್ 20 ಡಿಗ್ರಿಯಲ್ಲಿ, ಸಾಧ್ಯವಾದರೆ ಮೈನಸ್ 80ರಲ್ಲಿ, ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿ ಇಡಿ. ಹಿಮ ಕಟ್ಟದ ಫ್ರೀಜರ್ ಬೇಡವೇ ಬೇಡ. ಮನೆಯ ಫ್ರಿಜ್ಜಿಗೆ ಅದು ಅನುಕೂಲ; ಇಲ್ಲಿ ಶತ್ರು. ಹಿಮ ಕರಗಿಸಲೆಂದು ಅದು ತನ್ನಷ್ಟಕ್ಕೆ ಆಗಾಗ ಬಿಸಿಯಾಗುತ್ತಿರುತ್ತದೆ. ಅಂಥ ಫ್ರೀಜರಿನಲ್ಲಿ ದ್ರಾವಣ ಇಟ್ಟು, ವಾರದಿಂದ ವಾರಕ್ಕೆ ಫಲಿತಾಂಶ ಇಳಿಯುವುದನ್ನು ನೋಡುತ್ತ, ಕೋಶಗಳಿಗೆ ವಯಸ್ಸಾಯಿತೆಂದು ನಾನು ಒಂದೂವರೆ ತಿಂಗಳು ಹೊಸ ಕೋಶ ಬೆಳೆಸುತ್ತ ಕುಳಿತಿದ್ದೆ.

ಫ್ರೀಜರಿನಿಂದ ತೆಗೆದ ಸೀಸೆಯನ್ನು ಮುಚ್ಚಳ ತೆರೆಯದೆ ಅರ್ಧ ಗಂಟೆಯಿಂದ ಒಂದು ಗಂಟೆ ಮೇಜಿನ ಮೇಲೆ ಬಿಡಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಒಳಗೆ ಹನಿಗಟ್ಟಿ, ಒಣಪುಡಿ ಜಿಗುಟಾಗುತ್ತದೆ. ಒದ್ದೆಯಾದ ಪೆಪ್ಟೈಡ್ ಬೇಗ ಕೆಡುತ್ತದೆ. ತೆರೆಯುವ ಮುನ್ನ ಸೀಸೆಯನ್ನು ಕೆಲವು ಸೆಕೆಂಡು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮುಚ್ಚಳಕ್ಕೆ ಹಾರಿ ಕುಳಿತ ಪುಡಿ ತಳಕ್ಕಿಳಿಯುತ್ತದೆ. ಕೈಗವಸು ಹಾಕಿರಿ. ನ್ಯಾನೋಮೋಲಾರ್ ಮಟ್ಟದಲ್ಲೇ ಕೆಲಸ ಮಾಡುವ ಹಾರ್ಮೋನಿನ ಪುಡಿಯನ್ನು ಉಸಿರಿಗೆ ಎಳೆದುಕೊಳ್ಳುವುದು ಯಾರಿಗೂ ಬೇಡ. ಪುಡಿಯನ್ನು ಚಮಚದಿಂದ ತೆಗೆದು ತೂಗಲು ಹೋಗಬೇಡಿ, ಸೀಸೆಯೊಳಗೇ ಕರಗಿಸಿ.

ಯಾವುದರಲ್ಲಿ ಕರಗಿಸುವುದು? 10 ಮಿಲಿಮೋಲಾರ್ ಅಸಿಟಿಕ್ ಆಮ್ಲ ನನ್ನ ಆಯ್ಕೆ. 100 ಮಿಲಿಲೀಟರ್ ಶುದ್ಧ ನೀರಿಗೆ 57.5 ಮೈಕ್ರೋಲೀಟರ್ ಗ್ಲೇಶಿಯಲ್ ಅಸಿಟಿಕ್ ಆಮ್ಲ ಬೆರೆಸಿದರೆ ಆಯಿತು. ಅದರ ಪಿಎಚ್ 3.4ರ ಹತ್ತಿರ ಇರುತ್ತದೆ. ಪಿಟಿಎಚ್ ತುಣುಕು ಪ್ರತ್ಯಾಮ್ಲದ ಸ್ವಭಾವದ್ದು. ಮೂರು ಲೈಸೀನ್, ಎರಡು ಆರ್ಜಿನೀನ್, ಮೂರು ಹಿಸ್ಟಿಡೀನ್ ಇರುವುದರಿಂದ ಆಮ್ಲದಲ್ಲಿ ಸುಲಭವಾಗಿ ಕರಗುತ್ತದೆ. ಇನ್ನೊಂದು ಲಾಭವೂ ಇದೆ. ಅದರಲ್ಲಿರುವ ಆಸ್ಪರಜೀನ್‌ಗಳು ತಟಸ್ಥ ಅಥವಾ ಪ್ರತ್ಯಾಮ್ಲ ದ್ರಾವಣದಲ್ಲಿ ಅಮೈಡ್ ಕಳೆದುಕೊಂಡು ರೂಪ ಬದಲಿಸುತ್ತವೆ, ಸೌಮ್ಯ ಆಮ್ಲದಲ್ಲಿ ಆ ಕೆಡುವಿಕೆ ನಿಧಾನ. ಔಷಧವಾಗಿ ಬರುವ ಟೆರಿಪಾರಟೈಡ್ ದ್ರಾವಣವನ್ನೂ ಪಿಎಚ್ 4ರಲ್ಲಿ ಇಡುವುದು ಕಾರಣವಿಲ್ಲದೆ ಅಲ್ಲ.

ಕರಗದ್ದನ್ನೆಲ್ಲ ಬಲವಾದ ದ್ರಾವಕವಾದ ಡಿಎಂಎಸ್‌ಓಗೆ ಹಾಕುವ ಅಭ್ಯಾಸ ಇರುವವರು ಇಲ್ಲಿ ಕೈ ತಡೆಯಿರಿ. ಮನುಷ್ಯರ ತುಣುಕಿನಲ್ಲಿ 8ನೇ ಮತ್ತು 18ನೇ ಸ್ಥಾನಗಳಲ್ಲಿ ಮೆಥಿಯೋನೀನ್ ಇದೆ. ಅದರ ಗಂಧಕ ಆಮ್ಲಜನಕವನ್ನು ಹಿಡಿಯಲು ಕಾಯುತ್ತಿರುತ್ತದೆ, ಡಿಎಂಎಸ್‌ಓ ಅದಕ್ಕೆ ಒತ್ತಾಸೆ ಕೊಡಬಲ್ಲದು. ಉತ್ಕರ್ಷಣಗೊಂಡ ಹಾರ್ಮೋನು ರಿಸೆಪ್ಟರಿಗೆ ಸಡಿಲವಾಗಿ ಕೂರುತ್ತದೆ. ಎರಡರಲ್ಲಿ 8ನೆಯದು ಕೆಟ್ಟರೆ ನಷ್ಟ ಹೆಚ್ಚು. ಹಾರ್ಮೋನಿಗೆ ವಿಕಿರಣಶೀಲ ಅಯೋಡಿನ್ ಅಂಟಿಸುತ್ತಿದ್ದವರಿಗೆ ಇದು ದೊಡ್ಡ ತಲೆನೋವಾಗಿತ್ತು, ಅಯೋಡಿನ್ ಸೇರಿಸುವ ರಾಸಾಯನಿಕವೇ ಮೆಥಿಯೋನೀನನ್ನು ಸುಡುತ್ತಿತ್ತು. ಕೊನೆಗೆ ಅವರು ಎರಡೂ ಕಡೆ ಗಂಧಕವಿಲ್ಲದ ನಾರ್‌ಲ್ಯೂಸೀನನ್ನು ಕೂರಿಸಿ, ಅಯೋಡಿನ್ ಹಿಡಿಯಲು ಬಾಲದಲ್ಲಿ ಟೈರೋಸೀನ್ ಇಟ್ಟು, ಬೇರೆಯದೇ ಪೆಪ್ಟೈಡ್ ಮಾಡಿಕೊಂಡರು. ಇಂದಿಗೂ ಅದು ಮಾರಾಟದಲ್ಲಿದೆ.

ಕ್ರಮ ಹೀಗಿರಲಿ. ಅಸಿಟಿಕ್ ಆಮ್ಲವನ್ನು ಮೊದಲೇ 0.22 ಮೈಕ್ರಾನ್ ಸೋಸುಕದಲ್ಲಿ ಸೋಸಿಡಿ. ಪೆಪ್ಟೈಡ್ ಬೆರೆಸಿದ ಮೇಲೆ ಸೋಸಿದರೆ ಸೋಸುಕ ತನ್ನ ಪಾಲನ್ನು ಹಿಡಿದುಕೊಳ್ಳುತ್ತದೆ. ಅರ್ಧ ಮಿಲಿಲೀಟರನ್ನು ಸೀಸೆಯ ಗೋಡೆಯ ಮೇಲಿಂದ ಮೆಲ್ಲಗೆ ಇಳಿಯಬಿಟ್ಟು, ಐದು ನಿಮಿಷ ಹಾಗೇ ಬಿಟ್ಟು, ಸೀಸೆಯನ್ನು ಹೊರಳಿಸಿ. ವೋರ್ಟೆಕ್ಸ್ ಮೇಲೆ ನೊರೆ ಬರುವಂತೆ ಕುಲುಕಬೇಡಿ. ನೊರೆ ಎಂದರೆ ಗಾಳಿ, ಗಾಳಿ ಎಂದರೆ ಮೆಥಿಯೋನೀನಿಗೆ ಆಮ್ಲಜನಕ. ದ್ರಾವಣವನ್ನು ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಟ್ಯೂಬಿಗೆ ವರ್ಗಾಯಿಸಿ. ಇನ್ನೆರಡು ಸಲ ಸ್ವಲ್ಪ ಸ್ವಲ್ಪ ಆಮ್ಲದಿಂದ ಸೀಸೆಯನ್ನು ತೊಳೆದು ಅದನ್ನೂ ಸೇರಿಸಿ. ಒಟ್ಟು 1.8 ಮಿಲಿಲೀಟರ್ ಆಗಲಿ. ಅಳೆದ ಮೇಲೆ ಸರಿಯಾಗಿ 100 ಮೈಕ್ರೋಮೋಲಾರಿಗೆ ಹೊಂದಿಸಲು ಬೇಕೆಂದೇ ಕೊಂಚ ಕಡಿಮೆ ಹಾಕಿದ್ದೇವೆ.

ಚೀಟಿಯನ್ನು ನಂಬದೆ ಅಳೆಯುವುದು

ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದ ಬೆನ್ನೆಲುಬು ಇದು. ಪಿಟಿಎಚ್ (1-34)ರಲ್ಲಿ ಟೈರೋಸೀನ್ ಇಲ್ಲ, ಸಿಸ್ಟೀನ್ ಇಲ್ಲ. 23ನೇ ಸ್ಥಾನದಲ್ಲಿ ಒಂದೇ ಒಂದು ಟ್ರಿಪ್ಟೋಫಾನ್ ಇದೆ. 280 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಹೀರುವುದು ಅದೊಂದೇ. ಅದರ ಮೋಲಾರ್ ಹೀರಿಕೆ ಸುಮಾರು 5500. ಅಂದರೆ ಒಂದು ಸೆಂಟಿಮೀಟರ್ ದಾರಿಯಲ್ಲಿ 100 ಮೈಕ್ರೋಮೋಲಾರ್ ದ್ರಾವಣ 0.55 ತೋರಿಸಬೇಕು. ನೀರು, ಅಸಿಟೇಟ್, ಟಿಎಫ್‌ಎ ಯಾವುದೂ ಈ ಬೆಳಕಿಗೆ ಅಡ್ಡ ಬರುವುದಿಲ್ಲ. ಹಾಗಾಗಿ ನಿವ್ವಳ ಅಂಶ ಎಷ್ಟೆಂದು ಪ್ರಮಾಣಪತ್ರ ಏನೇ ಹೇಳಲಿ, ನಿಮ್ಮ ಟ್ಯೂಬಿನಲ್ಲಿ ಎಷ್ಟಿದೆ ಎಂಬುದನ್ನು ಈ ಅಂಕಿ ಹೇಳಿಬಿಡುತ್ತದೆ.

ಶೂನ್ಯ ಹೊಂದಿಸಲು ಅದೇ ಅಸಿಟಿಕ್ ಆಮ್ಲ ಬಳಸಿ. 320 ನ್ಯಾನೋಮೀಟರಿನಲ್ಲೂ ಒಮ್ಮೆ ನೋಡಿ, ಅಲ್ಲಿ ಗಣನೀಯ ಅಂಕಿ ಬಂದರೆ ಪೆಪ್ಟೈಡ್ ಪೂರ್ತಿ ಕರಗಿಲ್ಲ ಅಥವಾ ಮುದ್ದೆಗಟ್ಟಿದೆ. ಉದಾಹರಣೆಗೆ 280ರಲ್ಲಿ 0.593 ಬಂತು ಎನ್ನಿ. 0.593 ಭಾಗಿಸು 0.55, ಅಂದರೆ ಸುಮಾರು 108 ಮೈಕ್ರೋಮೋಲಾರ್. 1.8 ಮಿಲಿಲೀಟರನ್ನು 1.94ಕ್ಕೆ ಏರಿಸಿದರೆ ಸರಿಯಾಗಿ 100. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ಸೇರಿಸುವುದಿದ್ದರೆ ಈ ಅಳತೆ ಮುಗಿದ ಮೇಲೆಯೇ ಸೇರಿಸಬೇಕು. ಅಲ್ಬುಮಿನ್ನಿನಲ್ಲೂ ಟ್ರಿಪ್ಟೋಫಾನ್, ಟೈರೋಸೀನ್ ಧಾರಾಳವಾಗಿರುವುದರಿಂದ ಒಮ್ಮೆ ಬೆರೆತರೆ ಅಳತೆ ಮುಗಿದ ಕಥೆ.

ಈಗ ಹಂಚುವುದು. 20 ಮೈಕ್ರೋಲೀಟರಿನಂತೆ ಸಣ್ಣ 0.2 ಅಥವಾ 0.5 ಮಿಲಿಲೀಟರಿನ ಟ್ಯೂಬುಗಳಿಗೆ ಹಾಕಿ. ತೊಂಬತ್ತಕ್ಕೂ ಹೆಚ್ಚು ಬರುತ್ತವೆ. ದೊಡ್ಡ ಟ್ಯೂಬಿನ ತಳದಲ್ಲಿ ಒಂದು ಹನಿ ಇಟ್ಟರೆ ಅದರ ಮೇಲೆಲ್ಲ ಗಾಳಿ. ಒಣಮಂಜುಗಡ್ಡೆಯ ಮೇಲೆ ಥಟ್ಟನೆ ಹೆಪ್ಪುಗಟ್ಟಿಸಿ ಮೈನಸ್ 80ಕ್ಕೆ ಸೇರಿಸಿ. ಒಂದು ಟ್ಯೂಬ್ ಒಂದು ದಿನಕ್ಕೆ. ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕುವ ಜಿಪುಣತನ ಬೇಡ. ಒಂದು ಟ್ಯೂಬಿನಲ್ಲಿರುವುದು ಎರಡು ನ್ಯಾನೋಮೋಲ್, ಅಷ್ಟೇ.

ತೆಳುವಾಗಿಸುವಾಗ ಮಾಯವಾಗುವ ಹಾರ್ಮೋನು

ಟ್ಯೂಬಿನ ಗೋಡೆ ಹಿಡಿದುಕೊಳ್ಳುವ ಪೆಪ್ಟೈಡಿಗೆ ಒಂದು ಮಿತಿ ಇದೆ. ನೂರು ಮೈಕ್ರೋಮೋಲಾರ್ ದ್ರಾವಣದಿಂದ ಅಷ್ಟು ಹೋದರೆ ಗೊತ್ತೇ ಆಗುವುದಿಲ್ಲ. ಒಂದು ನ್ಯಾನೋಮೋಲಾರ್ ದ್ರಾವಣದಿಂದ ಅಷ್ಟೇ ಹೋದರೆ ಉಳಿಯುವುದು ಬರೀ ದ್ರಾವಕ. ಧನ ವಿದ್ಯುದಂಶದ ಈ ಪೆಪ್ಟೈಡನ್ನು ಋಣ ವಿದ್ಯುದಂಶದ ಗಾಜು ಇನ್ನೂ ಅಕ್ಕರೆಯಿಂದ ಅಪ್ಪಿಕೊಳ್ಳುತ್ತದೆ. ಆದ್ದರಿಂದ ಗಾಜಿನ ಪಾತ್ರೆ ಬೇಡ, ಮತ್ತು ತೆಳುವಾಗಿಸುವ ದ್ರಾವಕದಲ್ಲಿ ಶೇ. 0.1ರಷ್ಟು ದನದ ಅಲ್ಬುಮಿನ್ ಕಡ್ಡಾಯ. ಅದು ಗೋಡೆಯ ಮೇಲಿನ ಜಾಗವನ್ನೆಲ್ಲ ಮೊದಲೇ ಆಕ್ರಮಿಸಿಕೊಂಡು ಹಾರ್ಮೋನಿಗೆ ಅಂಟಲು ಎಡೆ ಕೊಡುವುದಿಲ್ಲ. ಕೊಬ್ಬಿನಾಮ್ಲ ತೆಗೆದ, ಪ್ರೋಟಿಯೇಸ್ ಇಲ್ಲದ ಅಲ್ಬುಮಿನ್ ಸಿಕ್ಕರೆ ಒಳ್ಳೆಯದು.

ನಾನು ಮಾಡುವ ಸಾಲು ಇದು. 100 ಮೈಕ್ರೋಮೋಲಾರಿನಿಂದ 5 ಮೈಕ್ರೋಲೀಟರ್ ತೆಗೆದು ಅಲ್ಬುಮಿನ್ ಇರುವ 495 ಮೈಕ್ರೋಲೀಟರ್ ದ್ರಾವಕಕ್ಕೆ ಹಾಕಿದರೆ ಒಂದು ಮೈಕ್ರೋಮೋಲಾರ್. ಅಲ್ಲಿಂದ ಮುಂದೆ ಪ್ರತಿ ಹಂತದಲ್ಲೂ 100 ಮೈಕ್ರೋಲೀಟರ್ ತೆಗೆದು 216 ಮೈಕ್ರೋಲೀಟರಿಗೆ ಬೆರೆಸುತ್ತ ಎಂಟು ಸಲ ಇಳಿಯಿರಿ. ಪ್ರತಿ ಹಂತ ಹಿಂದಿನದಕ್ಕಿಂತ 3.16 ಪಟ್ಟು ತೆಳು, ಎರಡು ಹಂತ ಇಳಿದರೆ ಹತ್ತು ಪಟ್ಟು. ಇವುಗಳಲ್ಲಿ 10 ಮೈಕ್ರೋಲೀಟರನ್ನು ಕೋಶ ಬೆಳೆಸಿದ ತಟ್ಟೆಯಲ್ಲಿ 90 ಮೈಕ್ರೋಲೀಟರ್ ಇರುವ ಒಂದೊಂದು ಗುಳಿಯೊಳಕ್ಕೆ ಹಾಕಿದಾಗ 100 ನ್ಯಾನೋಮೋಲಾರಿನಿಂದ 0.01 ನ್ಯಾನೋಮೋಲಾರಿನವರೆಗೆ ಒಂಬತ್ತು ಬಿಂದುಗಳು ಸಿಗುತ್ತವೆ. ಪ್ರತಿ ಹಂತಕ್ಕೂ ಪೈಪೆಟ್ಟಿನ ಹೊಸ ಮೂತಿ ಹಾಕಿ. ಅದೇ ಮೂತಿಯಲ್ಲಿ ಮುಂದುವರಿದರೆ ಮೇಲಿನ ಹಂತದ ಹಾರ್ಮೋನು ಕೆಳಗಿನವರೆಗೂ ಜೊತೆಗೇ ಬರುತ್ತದೆ. ಆಗ ತೆಳು ದ್ರಾವಣವೂ ಜೋರಾಗಿ ಕೆಲಸ ಮಾಡಿದಂತೆ ಕಂಡು, ಹೊಸದೇನನ್ನೋ ಕಂಡುಹಿಡಿದೆನೆಂದು ಹಿಗ್ಗುವ ಅಪಾಯವಿದೆ.

ಕೋಶಗಳ ಮುಂದೆ

ಹಾರ್ಮೋನು ಬದುಕಿದೆಯೇ ಎಂದು ತಿಳಿಯಲು ಕ್ಯಾಲ್ಸಿಯಮ್ಮನ್ನೇ ಮೊದಲು ಅಳೆಯಲು ಹೋಗಬೇಡಿ. ರಿಸೆಪ್ಟರ್ ಎಚ್ಚೆತ್ತಾಗ ಕೋಶದೊಳಗೆ ಹುಟ್ಟುವ ಸಂಕೇತದ ಅಣುವಾದ ಸೈಕ್ಲಿಕ್ ಎಎಂಪಿ ಅಳೆಯಿರಿ. ಪಿಟಿಎಚ್ ಕೊಟ್ಟರೆ ಮೂತ್ರದಲ್ಲಿ ಸೈಕ್ಲಿಕ್ ಎಎಂಪಿ ಏರುತ್ತದೆ ಎಂಬುದು 1967ರಿಂದ ತಿಳಿದ ಸಂಗತಿ. ಕೋಶದಲ್ಲೂ ಮೊದಲ ಉತ್ತರ ಅದೇ. ಇಲಿಯ ಮೂಳೆ ಗಡ್ಡೆಯಿಂದ ಬಂದ ಯುಎಂಆರ್-106, ಮನುಷ್ಯರ ಸಾವೋಸ್-2, ಮೂತ್ರಪಿಂಡದ ಕೆಲಸಕ್ಕೆ ಒಪೋಸಮ್ಮಿನ ಓಕೆ ಕೋಶಗಳು ಇದಕ್ಕೆ ಪಳಗಿದವು. ಚುಂಡಿಲಿಯ ಎಂಸಿ3ಟಿ3-ಇ1 ಕೋಶ ಬಳಸುವವರು ಕೋಶಗಳು ಸಾಕಷ್ಟು ಬಲಿಯುವವರೆಗೆ ಕಾಯಬೇಕು. ಎಳೆಯ ಕೋಶಗಳಲ್ಲಿ ರಿಸೆಪ್ಟರ್ ಕಡಿಮೆ.

ಸೀರಮ್ ಇರುವ ಮಾಧ್ಯಮವನ್ನು (ಕೋಶ ಬೆಳೆಸುವ ದ್ರವವನ್ನು) ತೆಗೆದು, ಸೀರಮ್ ಇಲ್ಲದ, ಶೇ. 0.1 ಅಲ್ಬುಮಿನ್ ಇರುವ ಮಾಧ್ಯಮದಿಂದ ಕೋಶಗಳನ್ನು ತೊಳೆಯಿರಿ. ಹುಟ್ಟಿದ ಸೈಕ್ಲಿಕ್ ಎಎಂಪಿ ಒಡೆದುಹೋಗದಂತೆ 0.5 ಮಿಲಿಮೋಲಾರ್ ಐಬಿಎಂಎಕ್ಸ್ ಹಾಕಿ 15 ನಿಮಿಷ ಬಿಡಿ. ನಂತರ ಹಾರ್ಮೋನು. 37 ಡಿಗ್ರಿಯಲ್ಲಿ ಹತ್ತು ನಿಮಿಷ ಸಾಕು. ಮಾಧ್ಯಮ ಚೆಲ್ಲಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನಿಲ್ಲಿಸಿ, ನಿಮ್ಮ ಕಿಟ್ ಹೇಳಿದಂತೆ ಮುಂದುವರಿಯಿರಿ.

ಪ್ರತಿ ತಟ್ಟೆಯಲ್ಲೂ ಮೂರು ಗುಂಪು ಗುಳಿಗಳನ್ನು ಬೇರೆಯಾಗಿ ಇಡಿ. ಹಾರ್ಮೋನು ಇಲ್ಲದ, ಅಷ್ಟೇ ಅಸಿಟಿಕ್ ಆಮ್ಲ ಮತ್ತು ಅಲ್ಬುಮಿನ್ ಇರುವವು ಒಂದು. ರಿಸೆಪ್ಟರಿನ ಹಂಗಿಲ್ಲದೆ ನೇರವಾಗಿ ಸೈಕ್ಲಿಕ್ ಎಎಂಪಿ ಏರಿಸುವ ಫೋರ್ಸ್‌ಕೋಲಿನ್, 10 ಮೈಕ್ರೋಮೋಲಾರ್, ಇನ್ನೊಂದು. ಮೊದಲು ಹೆಚ್ಚು ಸಾರತೆಯ (7-34) ಹಾಕಿ ಅದರ ಮೇಲೆ ಕಡಿಮೆ ಸಾರತೆಯ (1-34) ಹಾಕಿದ್ದು ಮೂರನೆಯದು. ಅರ್ಧ ಗರಿಷ್ಠ ಉತ್ತರ ನ್ಯಾನೋಮೋಲಾರಿನ ಆಸುಪಾಸು ಬಂದರೆ ಹಾರ್ಮೋನು ಕ್ಷೇಮ. ಅದು ನೂರು ನ್ಯಾನೋಮೋಲಾರಿನತ್ತ ಸರಿದಿದ್ದರೆ ದಾರಿಯಲ್ಲಿ ಎಲ್ಲೋ ಸೋರಿಕೆ ಆಗಿದೆ.

ಕ್ಯಾಲ್ಸಿಯಂ ಅಳೆಯುವಾಗ

ಸಾಮಾನ್ಯ ಡಿಎಂಇಎಂ ಮಾಧ್ಯಮದಲ್ಲೇ 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇದೆ. ಕೋಶಗಳು ಅದಕ್ಕೆ ಸೇರಿಸುವ ಚಿಟಿಕೆಯನ್ನು ಮಾಧ್ಯಮದಲ್ಲಿ ಹುಡುಕುವುದು ಸಮುದ್ರದಲ್ಲಿ ಉಪ್ಪಿನ ಹರಳು ಹುಡುಕಿದಂತೆ. ಮೂಳೆಯಿಂದ ಹೊರಬಂದದ್ದನ್ನು ಅಳೆಯಬೇಕಾದವರು ಅದಕ್ಕೇ ಮೂಳೆಗೆ ಮೊದಲು ಕ್ಯಾಲ್ಸಿಯಂ-45 ಸೇರಿಸಿ, ಬಿಡುಗಡೆಯಾದ ವಿಕಿರಣಶೀಲತೆಯನ್ನು ಎಣಿಸುವ ಹಾದಿ ಹಿಡಿದರು. ಕೋಶದೊಳಗಿನ ಕ್ಯಾಲ್ಸಿಯಮ್ಮಿಗೆ ಫ್ಯೂರಾ-2 ಬಣ್ಣ ಒಳ್ಳೆಯದು: 340 ಮತ್ತು 380 ನ್ಯಾನೋಮೀಟರಿನಲ್ಲಿ ಬೆಳಗಿಸಿ, 510ರ ಸುತ್ತ ಓದಿ, ಎರಡರ ಅನುಪಾತ ನೋಡುವುದು. ಪಿಟಿಎಚ್‌ನ ಕ್ಯಾಲ್ಸಿಯಂ ಸಂಕೇತ ಸೈಕ್ಲಿಕ್ ಎಎಂಪಿಗಿಂತ ಮೆಲುದನಿಯದು. ಹೆಚ್ಚು ಸಾರತೆ ಬೇಕಾಗುತ್ತದೆ, ಮೊದಲ ಸಲಕ್ಕೇ ಕಾಣದಿದ್ದರೆ ಧೃತಿಗೆಡಬೇಡಿ.

ಪ್ರಾಣಿಗಳ ರಕ್ತವಾದರೆ ಇಡಿಟಿಎ ಟ್ಯೂಬಿಗೆ ತೆಗೆಯಬೇಡಿ. ಕ್ಯಾಲ್ಸಿಯಮ್ಮನ್ನು ಹಿಡಿದು ಕಟ್ಟುವುದೇ ಇಡಿಟಿಎಯ ಕಸುಬು. ಅಯಾನು ಕ್ಯಾಲ್ಸಿಯಂ ಬೇಕಿದ್ದರೆ ಮಾದರಿಗೆ ಗಾಳಿ ತಾಗದಂತೆ ಕೂಡಲೇ ಅಳೆಯಬೇಕು. ಇಂಗಾಲದ ಡೈಆಕ್ಸೈಡ್ ಹಾರಿಹೋದಂತೆ ಪಿಎಚ್ ಏರುತ್ತದೆ, ಅಲ್ಬುಮಿನ್ ಹೆಚ್ಚು ಕ್ಯಾಲ್ಸಿಯಮ್ಮನ್ನು ಹಿಡಿಯುತ್ತದೆ, ಅಂಕಿ ಸುಳ್ಳಾಗಿ ಇಳಿಯುತ್ತದೆ.

ಮೊದಲು ನೆನಪಿಡಲು ಹೇಳಿದ ಕೆಲವೇ ನಿಮಿಷಗಳ ಆಯುಸ್ಸು ಇಲ್ಲಿ ಬರುತ್ತದೆ. ದಿನಕ್ಕೊಮ್ಮೆ ಅಲ್ಪಕಾಲ ಬಂದು ಹೋಗುವ ಪಿಟಿಎಚ್ ಮೂಳೆಯನ್ನು ಕಟ್ಟುತ್ತದೆ. ಬಿಡದೆ ಇರುವ ಪಿಟಿಎಚ್ ಮೂಳೆಯನ್ನು ಕರಗಿಸುತ್ತದೆ. ಒಂದೇ ಅಣು, ಒಂದೇ ಸಾರತೆ, ಸಮಯ ಮಾತ್ರ ಬೇರೆ. ಹಾಗಾಗಿ '24 ಗಂಟೆ ಹಾರ್ಮೋನು ಕೊಟ್ಟೆ' ಎಂದು ಬರೆಯುವ ಮೊದಲು ಯೋಚಿಸಿ: ಬೆಳಿಗ್ಗೆ ಹಾಕಿದ್ದು ಸೀರಮ್ಮಿನ ಕಿಣ್ವಗಳ ನಡುವೆ ಸಂಜೆಗೆ ಎಷ್ಟು ಉಳಿದಿತ್ತು? ನಿಜಕ್ಕೂ ಸತತವಾಗಿ ಕೊಡಬೇಕಿದ್ದರೆ ಮಾಧ್ಯಮವನ್ನು ಆಗಾಗ ಹೊಸ ಹಾರ್ಮೋನಿನೊಂದಿಗೆ ಬದಲಿಸಿ. ಬಿಟ್ಟು ಬಿಟ್ಟು ಕೊಡಬೇಕಿದ್ದರೆ ಒಂದು ಗಂಟೆಯ ನಂತರ ಎರಡು ಸಲ ತೊಳೆದು ಬರಿಯ ಮಾಧ್ಯಮ ಹಾಕಿ, ಮತ್ತು ಹಾರ್ಮೋನು ಕಾಣದ ಜೋಡಿ ತಟ್ಟೆಯನ್ನೂ ಅಷ್ಟೇ ಸಲ ತೊಳೆಯಿರಿ. ಇನ್ನೊಂದು: ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಮಾತ್ರ ಬೆಳೆಸಿ ಅವುಗಳಿಗೆ ಪಿಟಿಎಚ್ ಹಾಕಿ ಕಾಯುವವರಿದ್ದಾರೆ. ಪಿಟಿಎಚ್ ಮುಖ್ಯವಾಗಿ ಮಾತಾಡುವುದು ಆಸ್ಟಿಯೋಬ್ಲಾಸ್ಟ್ ವಂಶದ ಕೋಶಗಳ ಜೊತೆ. ಅವು ರ್‍ಯಾಂಕ್‌ಎಲ್ ಎಂಬ, ಆಸ್ಟಿಯೋಕ್ಲಾಸ್ಟ್ ಬೆಳೆಸುವ ಪ್ರೋಟೀನನ್ನು ಹೆಚ್ಚಿಸಿ, ಅದನ್ನು ತಡೆಯುವ ಆಸ್ಟಿಯೋಪ್ರೋಟೆಜೆರಿನ್ ತಗ್ಗಿಸಿದಾಗ ಆಸ್ಟಿಯೋಕ್ಲಾಸ್ಟ್‌ಗಳಿಗೆ ಸುದ್ದಿ ಮುಟ್ಟುತ್ತದೆ. ಎರಡನ್ನೂ ಜೊತೆಗೆ ಬೆಳೆಸಿ.

ಪೆಪ್ಟೈಡ್ ಕ್ಯಾಲ್ಸಿಟೋನಿನ್ ಆಗಿದ್ದರೆ

ರಕ್ತದ ಕ್ಯಾಲ್ಸಿಯಮ್ಮನ್ನು ಇಳಿಸುವ ಈ 32 ಅಮೈನೋ ಆಮ್ಲಗಳ ಹಾರ್ಮೋನಿಗೂ ಮೇಲಿನ ಬಹುಪಾಲು ಮಾತು ಹೊಂದುತ್ತದೆ, ಕೆಲವು ತಿದ್ದುಪಡಿಗಳೊಂದಿಗೆ. ಇದರ 1 ಮತ್ತು 7ನೇ ಸಿಸ್ಟೀನ್‌ಗಳು ಗಂಧಕದ ಸೇತುವೆಯಿಂದ ಬೆಸೆದಿವೆ, ಆದ್ದರಿಂದ ಡಿಟಿಟಿಯಂಥ ಅಪಕರ್ಷಕಗಳು ಹತ್ತಿರ ಸುಳಿಯಬಾರದು. ಸಾಲ್ಮನ್ ಮೀನಿನ ಕ್ಯಾಲ್ಸಿಟೋನಿನ್ ಸಸ್ತನಿಗಳಲ್ಲೂ ಮನುಷ್ಯರದಕ್ಕಿಂತ ಪ್ರಬಲ. ಮನುಷ್ಯರದು ದ್ರಾವಣದಲ್ಲಿ ನಾರುಗಟ್ಟುವ ಚಾಳಿಯದು. ಅಂದೇ ಕರಗಿಸಿ ಅಂದೇ ಬಳಸಿ. ಸಾಲ್ಮನ್ನಿನದರಲ್ಲಿ ಟ್ರಿಪ್ಟೋಫಾನ್ ಇಲ್ಲ, ಒಂದೇ ಟೈರೋಸೀನ್ ಇದೆ, ಹಾಗಾಗಿ 280ರ ಲೆಕ್ಕಕ್ಕೆ 5500ರ ಬದಲು 1490ರ ಸುತ್ತ ಹಿಡಿಯಬೇಕು. ಪರೀಕ್ಷೆಗೆ ಮನುಷ್ಯರ ಸ್ತನ ಗಡ್ಡೆಯಿಂದ ಬಂದ ಟಿ47ಡಿ ಕೋಶಗಳು ಒಗ್ಗುತ್ತವೆ. ಇದರ ರಿಸೆಪ್ಟರ್ ಮಾತ್ರ ಆಸ್ಟಿಯೋಕ್ಲಾಸ್ಟ್ ಮೇಲೆಯೇ ನೇರವಾಗಿ ಇದೆ.

ಏನೂ ಆಗದಿದ್ದರೆ

ಫೋರ್ಸ್‌ಕೋಲಿನ್ ಗುಳಿಗಳನ್ನು ಮೊದಲು ನೋಡಿ. ಅವೂ ಸುಮ್ಮನಿದ್ದರೆ ತಪ್ಪು ಕೋಶದ್ದೋ ಕಿಟ್ಟಿನದೋ. ಹಾರ್ಮೋನಿನ ಮೇಲೆ ಗೂಬೆ ಕೂರಿಸಬೇಡಿ. ಅವು ಏರಿದ್ದು ಪಿಟಿಎಚ್ ಮಾತ್ರ ಏರದಿದ್ದರೆ, ಕೋಶಗಳ ಪೀಳಿಗೆಯ ಸಂಖ್ಯೆ ಎಷ್ಟಾಗಿದೆ ನೋಡಿ. ಬಹಳ ಸಲ ಬಿಡಿಸಿ ಬೆಳೆಸಿದ ಕೋಶಗಳು ರಿಸೆಪ್ಟರನ್ನು ಕಳೆದುಕೊಳ್ಳುತ್ತವೆ. ಆಮೇಲೆ ಫ್ರೀಜರಿನಿಂದ ಮುಟ್ಟದ ಇನ್ನೊಂದು ಟ್ಯೂಬ್ ತೆಗೆದು ಅದೇ ತಟ್ಟೆಯಲ್ಲಿ ಪಕ್ಕಪಕ್ಕ ಹೋಲಿಸಿ. ಅದೂ ಸೋತರೆ ಹೊಸ ಅಲ್ಬುಮಿನ್, ಹೊಸ ಟ್ಯೂಬುಗಳೊಂದಿಗೆ ತೆಳುವಾಗಿಸುವ ಸಾಲನ್ನು ಮತ್ತೆ ಮಾಡಿ.

ಇನ್ನೂ ಅನುಮಾನ ಉಳಿದರೆ ಒಂದು ಟ್ಯೂಬನ್ನು ದ್ರವ್ಯರಾಶಿ ಮಾಪನಕ್ಕೆ ಕಳುಹಿಸಿ. ಅಲ್ಬುಮಿನ್ ಇಲ್ಲದ ದಟ್ಟ ದ್ರಾವಣವೇ ಇದಕ್ಕೆ ಬೇಕು. ಅದಕ್ಕಾಗಿಯೇ ಅಲ್ಬುಮಿನ್ನನ್ನು ತೆಳುವಾಗಿಸುವ ದ್ರಾವಕದಲ್ಲಿ ಮಾತ್ರ ಹಾಕಿದ್ದು. 4118ರಲ್ಲಿ ಶಿಖರ ಕಂಡರೆ ಹಾರ್ಮೋನು ಹಾಗೇ ಇದೆ. ಪಕ್ಕದಲ್ಲಿ 4134 ಎದ್ದಿದ್ದರೆ ಒಂದು ಆಮ್ಲಜನಕ ಸೇರಿದೆ, 4150 ಎದ್ದಿದ್ದರೆ ಎರಡು. ಎಚ್‌ಪಿಎಲ್‌ಸಿಯಲ್ಲಿ (ಬೆರೆತ ಅಣುಗಳನ್ನು ಬಿಡಿಸಿ ತೋರಿಸುವ ಯಂತ್ರದಲ್ಲಿ) ಅವೇ ಮುಖ್ಯ ಶಿಖರಕ್ಕಿಂತ ಮೊದಲು ಹೊರಬರುತ್ತವೆ. 4134 ಕಂಡ ದಿನ ಅದೇ ಸಲ ಹಂಚಿಟ್ಟ ಟ್ಯೂಬುಗಳನ್ನೆಲ್ಲ ಎಸೆದು, ಪುಸ್ತಕದಲ್ಲಿ ಅವುಗಳ ಸಂಖ್ಯೆಯ ಮುಂದೆ ದಿನಾಂಕ ಹಾಕಿ, ಹೊಸ ಸೀಸೆಯನ್ನು ಮೇಜಿನ ಮೇಲೆ ಬೆಚ್ಚಗಾಗಲು ಇಡಿ.